ಕಲ್ಲಿಗೆ ಮೂರು ಸಾಲು

"ಇದರ ಇನ್ನೊಂದು ಮಗ್ಗುಲನ್ನ ಈಗ ಯಾರು ಮಸೀತಾರೆ?"

ಸೊಸೆ ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯ ಕಿಟಕಿಯ ಬೆಳಕಿಗೆ ಚೂರಿ ಹಿಡಿದು, ಅಲಗಿನ ಮೇಲೆ ಹೆಬ್ಬೆರಳನ್ನು ಅಡ್ಡಡ್ಡ ಸವರಿ ನೋಡುತ್ತಿದ್ದಳು. ಒಂದು ಮಗ್ಗುಲು ಕನ್ನಡಿಯಂತಿತ್ತು. ಇನ್ನೊಂದು ಕಲ್ಲನ್ನೇ ಕಂಡಿರಲಿಲ್ಲ. ನಿನ್ನೆ ಅತ್ತೆ ಇಷ್ಟು ಮುಗಿಸಿ, "ಸ್ವಲ್ಪ ಒರಗ್ಕೋತೀನಿ" ಅಂದವರು ಮತ್ತೆ ಏಳಲಿಲ್ಲ. ಈಗ ಪಡಸಾಲೆಯಲ್ಲಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದರು.

ಅಲ್ಲಿಂದ ಭಾವನ ದನಿ ಕೇಳಿಸಿತು: "ಆ ಸಾಣೆಕಲ್ಲನ್ನೂ ಅಮ್ಮನ ಜೊತೇಲೇ ಕಳಿಸಿಬಿಡೋಣ." ನಾಲ್ಕಾರು ಜನ ಹೂಂಗುಟ್ಟಿದರು.

ಸೊಸೆ ಚೂರಿಯಿಂದ ಕಣ್ಣೆತ್ತಿದಳು. ಕಿಟಕಿಯ ಕಟ್ಟೆಯ ಮೇಲೆ, ಬೀದಿಯವರು ಮಸೆಯಲು ಕೊಟ್ಟುಹೋದ, ಕಾಗದ ಸುತ್ತಿದ ಇನ್ನೂ ಆರು ಚೂರಿಗಳು ಕಾಯುತ್ತಿದ್ದವು.

ಅವಳ ಕೈಯಲ್ಲಿದ್ದ ಚೂರಿಯ ಒಡೆಯ, ಮಾಂಸದಂಗಡಿಯವನು, ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. "ಚೂರಿ ಕೇಳೋಕೆ ಬಂದಿಲ್ಲ ಕಣಮ್ಮ. ಕೊನೇ ಸಲ ಮುಖ ನೋಡೋಣ ಅಂತ ಬಂದೆ. ನನ್ನ ಹೆಂಡ್ತಿ ನಾಲಿಗೆ ಒಂದನ್ನ ಬಿಟ್ರೆ ಈ ಬೀದೀಲಿ ಹರಿತವಾಗಿರೋದೆಲ್ಲ ನಿಮ್ಮತ್ತೆ ಕೈಯಿಂದಾನೇ."

"ಸಾವಿನ ಮನೇಲೂ ನನ್ನ ನಾಲಿಗೆ ಸುದ್ದಿ ಬೇಕಾ ನಿಮಗೆ?" ಬೆನ್ನ ಹಿಂದೆಯೇ ಇದ್ದ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ತಿವಿದಳು.

"ಕೂತ್ಕೊಳ್ಳಿ ಅಣ್ಣ. ಹೊರಡೋಕೆ ಇನ್ನೂ ಒಂದು ಗಂಟೆ ಇದೆ. ತಗೊಂಡೇ ಹೋಗಿ," ಎಂದು ಸೊಸೆ ಬಕೆಟ್ಟಿನ ನೀರಿನಿಂದ ಕಲ್ಲನ್ನೆತ್ತಿದಳು.

*

ಅತ್ತೆಯಿಂದ ಮಸೆಯಲು ಕಲಿತ ಹೊಸತರಲ್ಲಿ ಅವಳು ಎಣಿಸಿ ಎಣಿಸಿ ಮಸೆಯುತ್ತಿದ್ದಳು.

"ಎಣಿಸ್ಬೇಡ ಮಗಳೇ," ಎಂದಿದ್ದರು ಅತ್ತೆ. "ಎಣಿಸಿದ್ರೆ ಮನಸ್ಸು ಲೆಕ್ಕದಲ್ಲಿರುತ್ತೆ. ಪದ್ಯ ಹೇಳು, ಕೈಯಲ್ಲಿರುತ್ತೆ."

ಕಲ್ಲಿನ ಒರಟು ಮುಖಕ್ಕೆ ನಾಲ್ಕು ಸಲ ಪದ್ಯ, ನಯದ ಮುಖಕ್ಕೆ ಎರಡು ಸಲ. ಅದೇ ಅವರ ಅಳತೆ. ಅಕ್ಷರ ಬಾರದ ಅತ್ತೆ, ಅವರಪ್ಪ ರಾಗವಾಗಿ ಓದುತ್ತಿದ್ದುದನ್ನು ಕೇಳಿ ಕಲಿತ ದೇವರ ಪದ್ಯ. ನಾಲ್ಕು ಸಾಲಿನದು, ಅವರು ಹೇಳುತ್ತಿದ್ದದ್ದು ಮಾತ್ರ ಮೂರೇ.

"ಮೂರನೇ ಸಾಲನ್ನ ನುಂಗಿಬಿಟ್ರಲ್ಲ ತಾಯಿ!" ಎಂದು ಎದುರುಮನೆಯ ಮೇಷ್ಟ್ರು ಒಮ್ಮೆ ತಿದ್ದಿದರು. ಅತ್ತೆ ವಿಧೇಯರಾಗಿ ಕಲಿತು, ನಾಲ್ಕೂ ಸಾಲು ಹೇಳುತ್ತ ಮೇಷ್ಟ್ರ ಚೂರಿಯನ್ನೇ ಮಸೆದರು. ಸಾಲು ಹೆಚ್ಚಿದಷ್ಟೂ ಮಸೆತ ಹೆಚ್ಚಿ ಅಂಚು ಅತಿಯಾಗಿ ತೆಳುವಾಯಿತು. ಕುಂಬಳಕಾಯಿಗೆ ಹಾಕಿದ ಮೊದಲ ಏಟಿಗೇ ಅಲಗು ಮುಕ್ಕಾಯಿತು.

"ನಿಮ್ಮ ಸಾಲು ನಿಮ್ಮ ಚೂರೀನೇ ತಿಂತು ಮೇಷ್ಟ್ರೇ," ಎಂದು ಅತ್ತೆ ನಕ್ಕಿದ್ದರು. "ದೇವರ ಮುಂದೆ ನಾಲ್ಕೂ ಹೇಳ್ತೀನಿ. ಕಲ್ಲಿಗೆ ಮೂರೇ."

*

ಕಲ್ಲು ಹಲಗೆಯ ಮೇಲೆ ಜಾರುತ್ತಿತ್ತು. ಕೆಳಗೆ ಹಾಸುವ ಬಟ್ಟೆಯನ್ನು ಯಾರೋ ನೆಲ ಒರೆಸಲು ಒಯ್ದಿದ್ದರು. ಸೊಸೆ ಎಡಗೈಯಲ್ಲಿ ಕಲ್ಲನ್ನು ಅದುಮಿ ಹಿಡಿದು ಬಲಗೈಯಲ್ಲಿ ಮಸೆದಳು. ತುಟಿಯಲ್ಲಿ ಪದ್ಯ, ಕಲ್ಲಿನ ಮೇಲೆ ಸರ್‍ರ್ ಸರ್‍ರ್ ಸದ್ದು. ಪಡಸಾಲೆಯ ಗುಸುಗುಸು ನಿಂತಿತು.

"ಏನಮ್ಮ ಇದು, ಈ ಹೊತ್ತಲ್ಲಿ!" ಎನ್ನುತ್ತ ಒಳಬಂದ ಭಾವ ಮೂರು ಸಾಲು ಮುಗಿದು ಮತ್ತೆ ಮೊದಲಾದದ್ದನ್ನು ಕೇಳಿ ಗೋಡೆಗೊರಗಿ ನಿಂತುಬಿಟ್ಟರು. ಕಡೆಗೆ ಸೊಸೆ ಚೂರಿ ಒರೆಸಿ, ಕಾಗದದ ಚೂರೊಂದನ್ನು ಅದರ ಮೇಲೆ ಎಳೆದಳು. ಸದ್ದಿಲ್ಲದೆ ಎರಡಾಯಿತು. ಮಾಂಸದಂಗಡಿಯವನು ಎರಡೂ ಕೈಯೊಡ್ಡಿ ಚೂರಿಯನ್ನು ತೆಗೆದುಕೊಂಡ.

ಭಾವ ಪಡಸಾಲೆಯಿಂದ ತಂದಿದ್ದ ಬಿಳಿ ಬಟ್ಟೆಯ ತುಂಡನ್ನು ಬಿಡಿಸಿ ಹಿಡಿದರು. "ಇದರಲ್ಲಿ ಸುತ್ತಿ ಕೊಡು ಕಲ್ಲನ್ನ. ನಲವತ್ತು ವರ್ಷ ಅಮ್ಮನ ಕೈಬಿಟ್ಟದ್ದಲ್ಲ. ಜೊತೆಗೇ ಹೋಗ್ಲಿ."

ಸೊಸೆ ಬಟ್ಟೆಯನ್ನು ಇಸಿದುಕೊಂಡಳು. ನೀರಲ್ಲದ್ದಿ ಹಿಂಡಿ, ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಹಾಸಿ, ಅದರ ಮೇಲೆ ಕಲ್ಲನ್ನಿಟ್ಟು ಅಲುಗಿಸಿ ನೋಡಿದಳು. ಜಾರಲಿಲ್ಲ. ಅಂಗೈಯಂತೆ ಸವೆದ ಅದರ ನಡುವಿನಲ್ಲಿ ಒಂದಿಷ್ಟು ನೀರು ನಿಂತಿತ್ತು. ಕಟ್ಟೆಯ ಮೇಲಿನ ಮುಂದಿನ ಚೂರಿಯ ಕಾಗದ ಬಿಚ್ಚಿದಳು.

"ಕೊಡಲ್ಲ, ಭಾವ."