ಒಡೆದ ಹಾಲು

"ತಗೋ, ನೀನ ಮೂಸಿ ನೋಡು," ಎಂದು ಗುರಲಿಂಗಪ್ಪ ಪನೀರಿನ ತುಂಡನ್ನು ಲಗಮವ್ವನ ಮೂಗಿಗೇ ಹಿಡಿದ.

ಮೂಸುವುದೇನು ಬಂತು! ಡಬ್ಬಿಯ ಮುಚ್ಚಳ ತೆಗೆದಾಗಲೇ ಹುಳಿ ನಾತ ಹಾಸ್ಟೆಲಿನ ಅಡುಗೆಮನೆಯನ್ನೆಲ್ಲ ತುಂಬಿತ್ತು. ಬೆರಳಿಟ್ಟರೆ ಜಾರುವಂಥ ಲೋಳೆ. ಬೆಳಿಗ್ಗೆ ಕಲಾದಗಿಯಲ್ಲಿ ಬಸ್ಸು ಹತ್ತುವಾಗ ಮಲ್ಲಿಗೆಯಂತೆ ಬೆಳ್ಳಗಿದ್ದುದು ಇದೇ ಪನೀರೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ.

ವಿದ್ಯಾಗಿರಿಯ ಆ ಹಾಸ್ಟೆಲಿನಲ್ಲಿ ದಿಲ್ಲಿ, ಬಿಹಾರದ ಕಡೆಯಿಂದ ಓದಲು ಬಂದ ಹುಡುಗರು ತುಂಬಿದ್ದರು. ಅವರಿಗೆ ವಾರದಲ್ಲಿ ಎರಡು ಸಲ ಪನೀರು ಬೇಕೇ ಬೇಕು. ಗುರಲಿಂಗಪ್ಪ ಅವರ ಊಟದ ಉಸ್ತುವಾರಿ ನೋಡುವ ಮ್ಯಾನೇಜರು.

"ಹ್ವಾದ ವಾರ ಇದನ್ನ ತಿಂದು ಇಬ್ಬರು ಹುಡುಗ್ರು ವಾಂತಿ ಮಾಡ್ಕೊಂಡು ದವಾಖಾನಿಗಿ ಹ್ವಾದ್ರು. ನಾ ಕೊಟ್ಟ ಪುಡಿ ಹಾಕಿದ್ಯೋ ಇಲ್ಲೋ?"

"ಹಾಕೇನ್ರಿ. ಖರೇನ ಹಾಕೇನಿ."

"ಹಾಕಿದ್ರ ಹಿಂಗ್ಯಾಕ ಆಕ್ಕೈತಿ? ಹುಬ್ಬಳ್ಳಿಯಿಂದ ತರಿಸಿದ ಪುಡಿ ಅದು. ಎಂಥಾ ಹುಳಾನೂ ಹುಟ್ಟಗೊಡೂದಿಲ್ಲ. ದೊಡ್ಡ ದೊಡ್ಡ ಡೇರಿಯವ್ರು ಅದನ್ನ ಹಾಕ್ತಾರ." ಅವನು ತುಂಡನ್ನು ಮುಸುರೆ ಬುಟ್ಟಿಗೆ ಎಸೆದ. "ಶನಿವಾರ ಒಂದ ಸಲ ನೋಡ್ತೇನಿ. ಅದೂ ಕೆಟ್ಟು ಬಂತಂದ್ರ ಬೆಳಗಾವಿಯಿಂದ ತರಸ್ತೇನಿ. ಆಮ್ಯಾಲ ಬಂದು ಅಳಬ್ಯಾಡ."

ತಿರುಗಿ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಲಗಮವ್ವ ಸಿಟ್ಟಿನಲ್ಲಿದ್ದಳು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಗೊತ್ತಾಗದ ಸಿಟ್ಟಿದೆಯಲ್ಲ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಎಂಬತ್ನಾಲ್ಕರ ಮಾರ್ಚಿಯ ಬಿಸಿಲು ಬೇರೆ. ಖಾಲಿ ಡಬ್ಬಿ ತೊಡೆಯ ಮೇಲೆ ಕಾದು ಸುಡುತ್ತಿತ್ತು.

ಅವಳ ಗಂಡ ಮಾಳಪ್ಪ ಕುರಿಗಳ ಹಿಂದೆ ಹುನಗುಂದದ ಕಡೆಯ ಎರೆಹೊಲಗಳಲ್ಲಿ ತಿರುಗುತ್ತಿದ್ದ. ಮದುವೆಯಾದಾಗಿನಿಂದ ಲಗಮವ್ವನೂ ತಲೆಯ ಮೇಲೆ ಗಂಟು ಹೊತ್ತು ಅವನ ಹಿಂದೆ ನಡೆದವಳೇ. ಎಮ್ಮೆ ಕಟ್ಟಿ, ಪನೀರು ಮಾಡುವುದನ್ನು ಕಲಿತ ಮೇಲೆಯೇ ಅವಳು ಕಲಾದಗಿಯ ಮನೆಯಲ್ಲಿ ಕಾಲೂರಿ ನಿಂತದ್ದು. ಅವಳು ನಿಂತದ್ದರಿಂದಲೇ ಮಗಳು ಶಾರವ್ವ ಸಾಲೆಯ ಮೆಟ್ಟಿಲು ಹತ್ತಿದ್ದಳು. "ಪನೀರ ನಡೀಲಿಲ್ಲಂದ್ರ ಎಮ್ಮಿ ಮಾರಿ, ಹುಡುಗೀನ ಕರಕೊಂಡು ನೀನೂ ಬಾ. ಮರಿ ಕಾಯಾಕ ಒಂದು ಆಳು ಕಮ್ಮಿ ಬಿದ್ದೈತಿ," ಎಂದು ಮಾಳಪ್ಪ ಹೇಳಿ ಕಳಿಸಿದ್ದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಶಾರಿಯ ಕೈಯಿಂದ ಪಾಟಿ ಇಸಿದುಕೊಂಡು ಬಡಿಗೆ ಕೊಡುವುದು ಲಗಮವ್ವನಿಂದ ಆಗುವ ಮಾತಾಗಿರಲಿಲ್ಲ.

ಎಲ್ಲಿ ತಪ್ಪುತ್ತಿದೆ? ಪನೀರಿನ ತರಬೇತಿ ಕೊಟ್ಟ ಟೀಚರಮ್ಮ, ಎಲ್ಲರ ಬಾಯಲ್ಲಿ ಬಾಯಾರು, ಹೇಳಿಕೊಟ್ಟದ್ದನ್ನು ಅವಳು ಚಾಚೂ ತಪ್ಪದೆ ಮಾಡುತ್ತಿದ್ದಳು. ಬಟ್ಟೆ ಕುದಿಸುತ್ತಿದ್ದಳು, ಸಾಬೂನು ಹಚ್ಚಿ ಮೊಳಕೈಯವರೆಗೂ ತೊಳೆಯುತ್ತಿದ್ದಳು, ಪನೀರು ಮುಳುಗಿಸಿಡುವ ನೀರನ್ನೂ ಕಾಸಿ ಆರಿಸುತ್ತಿದ್ದಳು. ಹಸಿ ಹಾಲಿನಲ್ಲಿ ಕಣ್ಣಿಗೆ ಕಾಣದ ಹುಳಗಳಿರುತ್ತವೆ, ಕಾಸಿದ್ದರ ಹತ್ತಿರ ಅದು ಸುಳಿಯಬಾರದು ಎಂದಿದ್ದರು. ಅದಕ್ಕೆ ಬೇರೆ ಪಾತ್ರೆಯನ್ನೇ ಇಟ್ಟಿದ್ದಳು. ಪುಡಿಯ ವಿಷಯ ಕೇಳಿದಾಗ ಬಾಯಾರು ನಕ್ಕಿದ್ದರು. "ಪುಡಿ ಅಂದ್ರ ಬಾಗಲಾ ಕಾಯೋ ಆಳು ಇದ್ದಂಗ ಲಗಮವ್ವ. ನೀ ಹಿತ್ತಲ ಬಾಗಲಾ ತಗದಿಟ್ರ ಅವನರೆ ಏನ ಮಾಡ್ಯಾನು?"

ತನ್ನ ಮನೆಯ ಹಿತ್ತಲ ಬಾಗಿಲು ಯಾವುದು ಎಂದು ಲಗಮವ್ವ ಹುಡುಕಿದ್ದೇ ಹುಡುಕಿದ್ದು. ಬಾವಿ ನೀರಿನ ಮೇಲೆ ಸಂಶಯಪಟ್ಟಳು, ಲಿಂಬೆಹಣ್ಣಿನ ಮೇಲೆ ಸಂಶಯಪಟ್ಟಳು, ಡಬ್ಬಿಯನ್ನೇ ಬದಲಿಸಿದಳು. ಒಮ್ಮೆ ಸಿಟ್ಟಿಗೆದ್ದು ಎರಡು ಪಾಲು ಪುಡಿ ಸುರಿದಳು. ಅಂದು ಪನೀರು ಕಹಿಯೆಂದು ಹುಡುಗರು ತಟ್ಟೆ ಸರಿಸಿದರು. ಅದರ ಮೇಲೆ ಸಂಜೆಯ ಹೊತ್ತಿಗೆ ಉಳಿದದ್ದು ಹಳಸಿಯೂ ಹಳಸಿತು. ಥೂ ಇದರ! ಎಂದು ಆ ದಿನ ಒಲೆಯ ಮುಂದೆ ಕೂತು ಅತ್ತಿದ್ದಳು.

ಶುಕ್ರವಾರ ಸಂಜೆ ಹಾಲು ಉಕ್ಕಿ ಬಂತು. ಲಗಮವ್ವ ಲಿಂಬೆಹುಳಿ ಹಿಂಡಲು ಕೈ ಎತ್ತಿದ್ದೇ ತಡ, ಅತ್ತೆ ರಂಗವ್ವ ಎಂದಿನಂತೆ ಸೆರಗನ್ನು ಮುಖಕ್ಕೆ ಹಿಡಿದು ಹೊರಗೆ ನಡೆದಳು. ಮುದುಕಿಯ ಒಂದು ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದು ಮಬ್ಬು. ಆದರೂ ಹಾಲು ಒಡೆಯುವುದನ್ನು ನೋಡಲಾರಳು. ಲಗಮವ್ವ ಗಡ್ಡೆಯನ್ನು ಬಟ್ಟೆಯಲ್ಲಿ ಕಟ್ಟಿ ಗುಂಡುಕಲ್ಲು ಹೇರಿದಳು. ಗಟ್ಟಿಯಾದ ಮೇಲೆ ಪುಡಿ ಬೆರೆಸಿದ ನೀರಿನಲ್ಲಿ ಮುಳುಗಿಸಿ ಡಬ್ಬಿ ಮುಚ್ಚಿದಳು.

ಬೆಳಿಗ್ಗೆ ಅತ್ತೆ ಎಮ್ಮೆ ಹಿಂಡಲು ಕೂತಾಗ ಸೊಸೆ ನೀರಿಗೆ ಹೋಗುವುದು ಆ ಮನೆಯ ವಾಡಿಕೆ. ಶನಿವಾರವೂ ಹೋದಳು. ಅರ್ಧ ದಾರಿಯಲ್ಲಿ ಕೊಡದಡಿಯ ಸಿಂಬಿ ಮರೆತದ್ದು ನೆನಪಾಗಿ ತಿರುಗಿ ಬಂದಳು. ಬಂದು ನೋಡಿದರೆ, ಪನೀರಿನ ಡಬ್ಬಿ ತೆರೆದಿತ್ತು. ರಂಗವ್ವ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಆಗಷ್ಟೇ ಹಿಂಡಿದ ನೊರೆಹಾಲನ್ನು ಬಟ್ಟಲಿನಿಂದ ಅಂಗೈಗೆ ಹಾಕಿಕೊಂಡು, ಪನೀರಿನ ಮೇಲೆ ಹನಿಹನಿಯಾಗಿ ಬಿಡುತ್ತಿದ್ದಳು. ತುಟಿಯಲ್ಲಿ ಮನೆದೇವರು ಬೀರಪ್ಪನ ಹೆಸರು.

"ಅತ್ತೀ! ಏನ ಮಾಡಾಕತ್ತೀರಿ?"

ಮುದುಕಿ ಗಾಬರಿಯಾಗಲಿಲ್ಲ. "ಹಾಲ ಕೂಡಸಾಕತ್ತೇನಿ."

"ಏನ ಕೂಡಸೂದದು?"

"ಒಡದ ಹಾಲಿಗಿ ಒಡೀಲಾರದ ಹಾಲು ಕೂಡಸಬೇಕವ್ವಾ. ಹಾಲು ತಾನಾಗಿ ಒಡದ್ರನ ಮನಿಗಿ ಕೇಡು. ನೀ ಕೈಯಾರೆ ಒಡಿತಿ. ನಾಳಿಗಿ ಎಮ್ಮಿ ಮಲಿ ಬತ್ತಿದ್ರ ಏನ ಮಾಡ್ತಿ? ನಮ್ಮತ್ತಿ ಹಿಂಗ ಮಾಡತಿದ್ಲು."

"ಪ್ರತಿ ಸಲಾನೂ ಮಾಡೀರೇನ?"

"ಒಂದ ಸಲಾನೂ ಬಿಟ್ಟಿಲ್ಲ," ಎಂದಳು ರಂಗವ್ವ. ದನಿಯಲ್ಲಿ ಹೆಮ್ಮೆಯಿತ್ತು. "ನಿನ್ನ ಸಲುವಾಗಿ, ಲಗಮೀ."

ಲಗಮವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕುದಿಸಿದ ಬಟ್ಟೆ, ತಿಕ್ಕಿದ ಡಬ್ಬಿ, ಹುಬ್ಬಳ್ಳಿಯ ಪುಡಿ, ಸುರಿಸಿದ ಕಣ್ಣೀರು, ಎಲ್ಲ ಒಮ್ಮೆಲೇ ತಲೆಗೇರಿತು. "ನನ್ನ ಸಲುವಾಗಿ! ನಿಮ್ಮ ಈ ಹನಿ ಹಾಲ ನನ್ನ ಸಂಸಾರ ಹಾಳ ಮಾಡೇತ್ರಿ! ಶಾರಿ ಸಾಲಿ ಬಿಟ್ಟು ಕುರಿ ಹಿಂದ ಹೋಗೂದು ಇದರ ಸಲುವಾಗಿನ! ಇನ್ನ ಮ್ಯಾಲ ಇದರ ಹತ್ತಿರ ಬಂದ್ರ ನೋಡ್ರಿ," ಎಂದು ಓಣಿಗೆಲ್ಲ ಕೇಳುವಂತೆ ಒದರಿದಳು. ಅತ್ತೆಯ ಮುಂದೆ ಅವಳು ಎಂದೂ ಏರುದನಿಯಲ್ಲಿ ಮಾತಾಡಿದವಳಲ್ಲ. ರಂಗವ್ವ ಬಟ್ಟಲನ್ನು ಎದೆಗವಚಿಕೊಂಡು, ಗೋಡೆ ಹಿಡಿಯುತ್ತ ಎಮ್ಮೆಯ ಹತ್ತಿರ ಹೋಗಿ ಕೂತಳು.

ಬಸ್ಸು ಬಂದು ಹಾರ್ನು ಹೊಡೆಯಿತು. "ಲಗಮವ್ವಾ, ಬರ್ತೀಯೋ ಇಲ್ಲೋ?" ಎಂದು ಕಂಡಕ್ಟರ್ ನೀಲಪ್ಪ ಕೂಗಿದ. ಡಬ್ಬಿಯಲ್ಲಿ ಪನೀರು ಇನ್ನೂ ಬೆಳ್ಳಗೇ ಇತ್ತು. ಅದರಲ್ಲಿ ಹಾಲಿನ ಹನಿಯ ಗುರುತೂ ಸಿಗುತ್ತಿರಲಿಲ್ಲ. ಇನ್ನೊಂದು ಚಿಟಿಕೆ ಪುಡಿ ಹಾಕಿ ಒಯ್ದರೆ ಹುಡುಗರು ಉಣ್ಣುವವರೆಗೆ ತಡೆದೀತು, ತಡೆಯದೆಯೂ ಇದ್ದೀತು. ಲಗಮವ್ವ ಡಬ್ಬಿ ಎತ್ತಿದಳು, ಬಾಗಿಲವರೆಗೂ ಹೋದಳು. ವಾಂತಿ ಮಾಡಿಕೊಂಡ ಆ ಹುಡುಗರಿಗೂ ಯಾವುದೋ ಊರಲ್ಲಿ ಅವ್ವಂದಿರು ಇದ್ದಾರು.

"ನೀವು ನಡೀರಿ ಅಣ್ಣಾ, ನಾ ಮಧ್ಯಾಹ್ನದ ಬಸ್ಸಿಗೆ ಬರ್ತೇನಿ," ಎಂದು ಕೂಗಿ, ಡಬ್ಬಿಯನ್ನು ತಿಪ್ಪೆಗೆ ಬೋರಲು ಹಾಕಿದಳು.

ಆ ಬೆಳಗಿನ ಹಾಲು ಖಾಸಿಂಸಾಬನ ಚಹಾದಂಗಡಿಗೆ ಹೋಗಬೇಕಾದದ್ದು. ಅದನ್ನೇ ಒಲೆಗೇರಿಸಿದಳು. "ಗಿರಾಕಿ ಕುಂತಾರ, ಹಾಲೆಲ್ಲಿ?" ಎಂದು ಅವನು ಬಾಗಿಲಿಗೇ ಬಂದು ಕೂಗಾಡಿದ. ಬೈಸಿಕೊಳ್ಳುತ್ತಲೇ ಹಾಲು ಒಡೆದಳು, ಹಿಂಡಿದಳು, ಕಲ್ಲು ಹೇರಿದಳು. ಈ ಅವಸರದಲ್ಲಿ ಪುಡಿಯ ಪೊಟ್ಟಣ ಗೋಡೆಯ ಗೂಡಿನಲ್ಲೇ ಉಳಿದುಹೋಯಿತು. ನೆನಪಾದದ್ದು ಬಸ್ಸು ಊರು ದಾಟಿದ ಮೇಲೆ.

ಗುರಲಿಂಗಪ್ಪ ಮೊದಲು ಬೈದ, ಆಮೇಲೆ ಮೂಸಿದ. "ಈಗ ಏನೋ ನೆಟ್ಟಗೈತಿ. ಸಂಜೀತನಾ ನಿಂತರ ಖರೆ," ಎಂದು ಪನೀರಿನ ಒಂದು ತುಂಡನ್ನು ಕಪಾಟಿನ ಮೇಲಿಟ್ಟ. ಲಗಮವ್ವ ಹಿಂದಿನ ಮೆಟ್ಟಿಲ ಮೇಲೆ ಕೂತಳು. ಒಳಗೆ ಪಾತ್ರೆ ಸದ್ದಾದಾಗಲೆಲ್ಲ ತಿರುಗಿ ನೋಡುತ್ತಿದ್ದಳು. ಬಿಸಿಲು ಇಳಿದ ಮೇಲೆ ಅವನು ತುಂಡನ್ನು ತಂದು ಬೆರಳಲ್ಲಿ ಒತ್ತಿದ, ಮುರಿದ, ಬಾಯಿಗೆ ಹಾಕಿಕೊಂಡ.

"ನೋಡಿದ್ಯಾ? ಪುಡಿ ಹದಾ ಹಿಡದು ಹಾಕಿದ್ರ ಹೆಂಗ ನಿಲ್ಲತೈತಿ! ಮದಲ ದಿನದಿಂದ ಬಡಕೊಳ್ಳಾಕತ್ತೇನಿ ನಿನಗ."

"ಇವತ್ತ ಪುಡೀನ..." ಎಂದು ಶುರುಮಾಡಿದವಳು ಅಲ್ಲಿಗೇ ಬಿಟ್ಟು ಖಾಲಿ ಡಬ್ಬಿ ಎತ್ತಿಕೊಂಡಳು. ಇವನಿಗೆ ಹೇಳಿ ಏನು ಬಂತು?

"ಮಂಗಳವಾರ ತಗೊಂಬಾ," ಎಂದು ಅವನು ಇನ್ನೊಂದು ಪೊಟ್ಟಣವನ್ನು ಅವಳ ಡಬ್ಬಿಗೆ ಹಾಕಿದ.

ಮನೆ ಮುಟ್ಟಿದಾಗ ಹೊತ್ತು ಮುಳುಗುವುದರಲ್ಲಿತ್ತು. ಶಾರಿ ಓಡಿ ಬಂದು, "ಯವ್ವಾ, ಆಯಿ ಮುಂಜಾನಿಂದ ನೀರ ಸೈತ ಕುಡದಿಲ್ಲ," ಎಂದಳು. ರಂಗವ್ವ ಎಮ್ಮೆಯ ಹತ್ತಿರವೇ ಕೂತಿದ್ದಳು. ಚೊಂಬಿನ ತಳದಲ್ಲಿ ನಾಲ್ಕು ಬೆರಳು ಹಾಲು.

"ಎಮ್ಮಿ ಸೊರಬಿಡವಲ್ದು ಲಗಮೀ, ಹಾಲ ಇಳಿಸವಲ್ದು. ಮುಂಜಾನಿ ಒಡದದ್ದಕ್ಕ ಹಾಲ ಕೂಡಿಸಿಲ್ಲಲ್ಲ," ಎಂದಳು ಮುದುಕಿ. ಬೈಗುಳವಾಗಿರಲಿಲ್ಲ ಅದು, ಹೆದರಿಕೆ. ಅವಳ ನಡುಗುವ ಕೈಗೇ ಎಮ್ಮೆ ಬೆದರಿದೆ ಎಂದು ಹೇಳಬೇಕೆಂದು ಲಗಮವ್ವನ ನಾಲಗೆಯ ತುದಿಗೆ ಬಂದಿತ್ತು. ಆದರೆ ಜಗಳ ಅವಳಿಗೂ ಸಾಕಾಗಿತ್ತು.

ಬೆಳಿಗ್ಗೆ ಹಾಲು ಒಡೆದಾಗ ಬಸಿದ ನೀರು ಎಮ್ಮೆಗೆಂದು ಬಕೆಟ್ಟಿನಲ್ಲಿ ಮೂಲೆಗೆ ಕೂತಿತ್ತು. ಅದನ್ನು ಎಳೆದು ತಂದು ಅತ್ತೆಯ ಮುಂದಿಟ್ಟಳು. ಬಟ್ಟಲಿಗೆ ಹಸಿ ಹಾಲು ಬಗ್ಗಿಸಿ ಅವಳ ಕೈಗೆ ಕೊಟ್ಟಳು.

"ಇದರಾಗ ಕೂಡಸ್ರಿ. ಇನ್ನ ಮ್ಯಾಲ ಪ್ರತಿ ಸಲಾನೂ ಇದರಾಗನ ಕೂಡಸ್ರಿ. ಡಬ್ಬಿ ಮಾತ್ರ ಮುಟ್ಟಬ್ಯಾಡ್ರಿ."

"ಇದಕ್ಕ ನಡೀತೈತೇನ?"

"ಇದೂ ಆ ಒಡದ ಹಾಲಿಂದ ಅಲ್ಲೇನ್ರಿ?"

ರಂಗವ್ವ ಬಕೆಟ್ಟನ್ನು ಕೈಯಿಂದ ತಡವಿ ನೋಡಿದಳು. ಆಮೇಲೆ ಬೀರಪ್ಪನನ್ನು ನೆನೆದು ಅಂಗೈಯಿಂದ ಹಾಲು ಬಿಟ್ಟಳು. ಇಡೀ ದಿನ ಸೆಕೆಯಲ್ಲಿ ಹುಳಿತ ನೀರದು. ಹನಿ ಬಿದ್ದಲ್ಲೆಲ್ಲ ಹಾಲು ಸಣ್ಣ ಸಣ್ಣ ಚೂರಾಗಿ ಒಡೆದು ಮೇಲೆ ತೇಲಿತು.

ಮುದುಕಿ ಪೊರೆಗಣ್ಣು ಕಿರಿದು ಮಾಡಿ ಬಕೆಟ್ಟಿನ ಮೇಲೆ ಬಾಗಿದಳು. "ಕೂಡ್ತೇನ ಲಗಮೀ?"

"ಕೂಡ್ತ್ರಿ," ಎಂದಳು ಲಗಮವ್ವ.

ಬಕೆಟ್ಟನ್ನೆತ್ತಿ ಎಮ್ಮೆಯ ಮುಂದಿಟ್ಟಳು. ಎಮ್ಮೆ ಮೂತಿ ಅದ್ದಿ ಕುಡಿಯತೊಡಗಿತು. ರಂಗವ್ವ ಚೊಂಬು ಹಿಡಿದು ಮತ್ತೆ ಅದರ ಮಗ್ಗುಲಿಗೆ ಕೂತಳು.