ಪಿಸುಮಾತು ಬಾರದ ವರ್ನೆಟ್ಟಾ

ವರ್ನೆಟ್ಟಾ ಪ್ರೂಯಿಟ್‌ಗೆ ಪಿಸುಮಾತು ಬರುತ್ತಿರಲಿಲ್ಲ. ಅಮೆರಿಕದ ನಮ್ಮ ಟೊಲಿಡೊ ನಗರದಲ್ಲಿ ಅರ್ಧ ಆಯುಷ್ಯ ಶಾಲಾ ಬಸ್ಸು ಓಡಿಸಿ, ಹಿಂದಿನ ಸೀಟಿನ ಪುಂಡರನ್ನು ಕನ್ನಡಿಯಲ್ಲೇ ಗದರಿ ಗದರಿ ಹದಗೊಂಡ ಆ ಕಂಠ ಪ್ರಾರ್ಥನೆಯಲ್ಲೂ ಸಾವಿನ ಮನೆಯಲ್ಲೂ ಒಂದೇ ಎತ್ತರದಲ್ಲಿರುತ್ತಿತ್ತು. ನಡೆಯುವಾಗ ಬಲಗಾಲನ್ನು ಬ್ರೇಕಿನ ಮೇಲಿಟ್ಟಂತೆ ಒತ್ತಿ ಊರುವಳು. ಮಿಂಚುಪಟ್ಟಿಯ ಹಳದಿ ಕೋಟನ್ನು ಬೇಸಿಗೆಯಲ್ಲೂ ಬಿಡಳು. ನ್ಯಾಯಾಲಯಕ್ಕೂ ಅದನ್ನೇ ತೊಟ್ಟು ಬಂದಳು.

ನಮ್ಮಲ್ಲಿ ಸಾಲದ ಮೊಕದ್ದಮೆಗಳು ಇತ್ಯರ್ಥವಾಗುವುದು ನ್ಯಾಯಪೀಠದ ಎದುರಿಗಲ್ಲ, ಹೊರಗಿನ ಪಡಸಾಲೆಯಲ್ಲಿ. ಬ್ಯಾಂಕು ಕೈಬಿಟ್ಟ ಕ್ರೆಡಿಟ್ ಕಾರ್ಡ್ ಸಾಲಗಳನ್ನು ಚಿಲ್ಲರೆ ಕಾಸಿಗೆ ಕೊಂಡ ಕಂಪನಿಯ ವಕೀಲ, ಕೀತ್ ಡೊಬೆಕ್ ಎಂಬ ನಯವಾದ ಯುವಕ, ಕಡತ ಹಿಡಿದು ಹೆಸರು ಕೂಗುವನು. ಜನ ಅವನನ್ನು ನ್ಯಾಯಾಲಯದ ಅಧಿಕಾರಿಯೆಂದೇ ಭ್ರಮಿಸಿ, ಟೋಪಿ ತೆಗೆದು ಎದ್ದು ನಿಂತು, ಅವನು ಕಿವಿಯಲ್ಲಿ ಹೇಳಿದ ರಾಜಿಗೆ ಸಹಿ ಹಾಕುವರು. ವರ್ನೆಟ್ಟಾಳೂ ಮೊದಲ ಸಲ "ಸಾರ್" ಎಂದು ಎದ್ದವಳೇ. ಪೆನ್ನು ಕೈಗೆ ಬಂದ ಮೇಲೆ, "ನೀವು ಯಾರ ಕಡೆಯವ್ರು?" ಎಂದು ಕೇಳಿದಳು. ಕಂಪನಿಯ ಕಡೆಯವನೆಂದು ತಿಳಿದು ನಾಚಿಕೆಯಿಂದ ಕುಗ್ಗಿ, ಸಹಿ ಹಾಕದೆ ಪೆನ್ನು ಹಿಂತಿರುಗಿಸಿದಳು. ಅವನಿಗಾಗಿ ಮತ್ತೆಂದೂ ಎದ್ದು ನಿಲ್ಲಲಿಲ್ಲ.

ಸೋತರೆ ಸಂಬಳದ ಕಾಲುಭಾಗ ಪ್ರತಿ ಸಲವೂ ಸಾಲಕ್ಕೆ ಜಪ್ತಿಯಾಗುತ್ತಿತ್ತು. ಬಾಡಿಗೆ ಕಟ್ಟಲಾಗದೆ ಮನೆ ಬಿಡಬೇಕಾಗುತ್ತಿತ್ತು.

"ಅರ್ಧ ಕಟ್ಟಿ, ಸಾಕು," ಎಂದು ಡೊಬೆಕ್ ಪಿಸುಗುಟ್ಟಿದ.

"ಅರ್ಧಾನಾ?" ಪಡಸಾಲೆಗೆಲ್ಲ ಕೇಳಿತು. "ಆ ಮೂಲೇಲಿ ಕೂತಿರೋ ಅಣ್ಣಂಗೆ ಮುಕ್ಕಾಲು ಅಂದ್ಯಲ್ಲೋ ಮರಿ! ಮುಖ ನೋಡಿ ರೇಟು ಹಾಕ್ತೀಯಾ?"

ಮೂಲೆಯವನು ತಲೆಯೆತ್ತಿದ.

"ಸ್ವಲ್ಪ ಮೆಲ್ಲಗೆ, ಮೇಡಂ..."

"ನನಗಿರೋದು ಇದೊಂದೇ ಗಂಟಲು. ಕಾರ್ ರಿಪೇರಿಗೆ ಸಾಲ ಮಾಡಿದ್ದು ನಿಜ, ನಿಮ್ಮ ಹತ್ರ ಮಾಡಿಲ್ಲ. ಬ್ಯಾಂಕಿನ ಲೆಕ್ಕ ತೋರ್ಸು, ಕಟ್ತೀನಿ."

ಲೆಕ್ಕ ಬರಲಿಲ್ಲ, ವಾಯಿದೆಯಿಂದ ವಾಯಿದೆಗೆ ರಾಜಿಯ ಮೊತ್ತ ಮಾತ್ರ ಇಳಿಯುತ್ತ ಬಂತು. ಅವಳ ಅಕ್ಕ, "ಹಟ ಸಾಕು ಕಣೇ, ಮುಗಿಸ್ಕೋ," ಎಂದು ಗೋಗರೆದಳು. ವರ್ನೆಟ್ಟಾಳಿಗೆ ಭಯವಿರಲಿಲ್ಲವೆಂದಲ್ಲ. ಆದರೆ ಅದು ದನಿಯವರೆಗೆ ಏರುತ್ತಿರಲಿಲ್ಲ.

ವಿಚಾರಣೆಯ ದಿನ ಡೊಬೆಕ್ ಅವಳನ್ನು ಕಿಟಕಿಯ ಬಳಿಗೆ ಕರೆದ. "ಕೇಸು ವಾಪಸ್ ತಗೋತೀವಿ. ಬಿಡಿಗಾಸೂ ಬೇಡ. ಸದ್ದಿಲ್ದೆ ಮನೆಗೆ ಹೋಗ್ಬಿಡಿ."

"ಮುಂದಿನ ವರ್ಷ ಮತ್ತೆ ಹಾಕ್ತೀಯೋ?"

ಅವನು ಕಡತ ನೋಡಿದ. ಅಕ್ಕನ ಮೇಲಿನ ಕೇಸನ್ನೂ ಹೀಗೇ ಹಿಂತೆಗೆದು ಮತ್ತೆ ಹೂಡಿದ್ದರು.

"ಹಾಗಾದ್ರೆ ನಡಿ, ಒಳಗೇ ಹೇಳು."

ಒಳಗೆ ನ್ಯಾಯಾಧೀಶೆ ಲೆಕ್ಕ ಕೇಳಿದರು. ಡೊಬೆಕ್‌ನಲ್ಲಿ ಲೆಕ್ಕವಿರಲಿಲ್ಲ. ಮೊಕದ್ದಮೆ ವಜಾ ಆಯಿತು, ಮತ್ತೆ ಹೂಡುವಂತಿಲ್ಲವೆಂಬ ಆಜ್ಞೆಯೊಂದಿಗೆ. ಗೆದ್ದವಳು ಸುಮ್ಮನೆ ಹೋಗಬಹುದಿತ್ತು. ಪಡಸಾಲೆಯ ನಡುವೆ ಬಲಗಾಲೂರಿ ನಿಂತು, ಹಿಂದಿನ ಸೀಟಿಗೂ ಮುಟ್ಟುವಂತೆ ಕೂಗಿದಳು:

"ಇವ್ರ ಹತ್ರ ಲೆಕ್ಕಾನೇ ಇಲ್ಲ ಕಣ್ರಪ್ಪಾ! ಸಹಿ ಹಾಕೋಕ್ಮುಂಚೆ ಕೇಳ್ರೋ!"

ಬೆಂಚಿನಲ್ಲಿ ಕಾಗದದ ಮೇಲೆ ಬಗ್ಗಿದ್ದ ಮುದುಕನೊಬ್ಬ ಪೆನ್ನು ಕೆಳಗಿಟ್ಟು, ತೆಗೆದಿದ್ದ ಟೋಪಿಯನ್ನು ಮತ್ತೆ ತಲೆಗೇರಿಸಿದ.

ಇಂಥವರನ್ನು ನಾವು ಸಭ್ಯರು ಬಾಯಿಬಡುಕರೆಂದು ಕರೆದು, ನಾಲ್ಕು ಜನರೆದುರು ಅವರ ಪಕ್ಕ ಕೂರಲೂ ಸಂಕೋಚಪಡುತ್ತೇವೆ. ಆದರೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಕಿವಿಯಲ್ಲಿ ಮಾತಾಡುವವರು ಹೆದರುವುದು ಇಂಥವರಿಗೆ ಮಾತ್ರ. ನಮ್ಮ ಸಭ್ಯತೆಗೆ ಅವರು ಎಂದೂ ಹೆದರಿದವರಲ್ಲ.