ಮೂರು ಮೊಳದ ದಿಂಡಿಗೆ ರೈಲಿನಲ್ಲಿ ಹಾಸಿಗೆ

"ಆ ಕಟ್ಟಿಗೆ ಮನೇಲಿ ಬಿಟ್ಟು ಬರ್ರಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ!" ಎಂದು ಶಶಿಕಾಂತ ಮೇಜು ಗುದ್ದಿದ.

"ಇನ್ನೊಂದು ಸಲ ಕಟ್ಟಿಗೆ ಅಂದ್ರೆ ಹಲ್ಲು ಉದುರಿಸ್ತೀನಿ. ಅದು ಹಾಸು. ನಾಲ್ಕು ಸಾವಿರ ಎಳೆ ಐತೆ ಅದರಾಗೆ. ನಿನ್ನ ತಲೆ ಮ್ಯಾಲೆ ಅಷ್ಟು ಕೂದಲಿಲ್ಲ," ಎಂದೆ ನಾನು.

ನಾದಿನಿ ಯರ್ರಮ್ಮ ನನ್ನ ಸೆರಗು ಜಗ್ಗಿದಳು. "ವದಿನಾ, ಮೆಲ್ಲಗೆ. ಕೆಳಗಡೆ ಅಂಗಡಿಯೋರಿಗೆಲ್ಲ ಕೇಳಿಸ್ತೈತೆ."

"ಕೇಳಿಸ್ಲಿ ಬಿಡೇ. ಪುಕ್ಸಟ್ಟೆ ಕೇಳ್ಲಿ."

ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ, ಮೊದಲನೇ ಮಹಡಿಯಲ್ಲಿ ಶಶಿಕಾಂತನ ಟ್ರಾವೆಲ್ಸ್ ಆಫೀಸು. ಎಣ್ಣೆ ಮಿಲ್ಲಿನ ಸೋಮಶೇಖರಪ್ಪನವರ ಮಗ. ಕಾಶಿ, ಶ್ರೀಶೈಲ ಎಂದು ಜನರನ್ನು ಕರೆದುಕೊಂಡು ಹೋಗುತ್ತಿದ್ದವನು ಈಗ ವಿದೇಶದ ಬೋರ್ಡನ್ನೂ ಹಾಕಿಸಿದ್ದ. ಜ್ಯೂರಿಕ್ ಊರಿನ ನೇಕಾರಿಕೆ ಮೇಳದವರು ಮೊಳಕಾಲ್ಮೂರಿನಿಂದ ನಮ್ಮಿಬ್ಬರನ್ನು ಕರೆದಿದ್ದರು. ಎಂಟು ದಿನ ಜನರ ಎದುರು ಕೂತು ರೇಷ್ಮೆ ಸೀರೆ ನೇಯಬೇಕು. ಟಿಕೆಟ್ ಮಾಡಿಸುವ ಕೆಲಸ, ಜೊತೆಗೆ ಬರುವ ಕೆಲಸ ಎರಡನ್ನೂ ಅವರು ಶಶಿಕಾಂತನಿಗೆ ಒಪ್ಪಿಸಿದ್ದರು. ಮೂರೂ ಜನಕ್ಕೆ ಒಂದೇ ದರ್ಜೆ ಎಂದು ಪತ್ರದಲ್ಲೇ ಬರೆದಿದ್ದರು.

ನಮ್ಮ ಸೀರೆಯ ಒಡಲಿಗೆ ಒಂದು ಬಣ್ಣ, ಎರಡು ಅಂಚಿಗೆ ಬೇರೆ ಬಣ್ಣ. ಅದಕ್ಕೆ ಮೂರು ಲಾಳಿ ಬೇಕು, ಒಂದೇ ಮಗ್ಗದಲ್ಲಿ ಇಬ್ಬರು ಕೂರಬೇಕು. ಬಲಕ್ಕೆ ನಾನು, ಎಡಕ್ಕೆ ಯರ್ರಮ್ಮ. ಇಪ್ಪತ್ತೆರಡು ವರ್ಷದಿಂದ ಹೀಗೇ ಕೂತಿದ್ದೇವೆ. ಮಗ್ಗದ ಚೌಕಟ್ಟನ್ನು ಜ್ಯೂರಿಕ್‌ನಲ್ಲೇ ಮಾಡಿಸಿಟ್ಟಿದ್ದರು. ಸೀರೆಯ ಉದ್ದಕ್ಕೂ ಓಡುವ ಎಳೆಗಳನ್ನು, ಅಂದರೆ ಹಾಸನ್ನು ಮಾತ್ರ ನಾವು ಇಲ್ಲಿಂದಲೇ ಒಯ್ಯಬೇಕಿತ್ತು. ಅದನ್ನು ಸುತ್ತಿದ ಮರದ ದಿಂಡಿಗೆ ಬಡಗಿಯಿಂದ ಉದ್ದನೆಯ ಪೆಟ್ಟಿಗೆ ಮಾಡಿಸಿದ್ದೆ. ವಿಮಾನದವರು ಒಪ್ಪಿಕೊಂಡಿದ್ದರು. ವಿಮಾನ ಇಳಿಯುವುದು ವಿಯೆನ್ನಾದಲ್ಲಿ. ಅಲ್ಲಿಂದ ಗಡಿ ದಾಟಿ ರಾತ್ರಿಯ ರೈಲಿನಲ್ಲಿ ಜ್ಯೂರಿಕ್‌ಗೆ ಹೋಗಬೇಕು. ತಕರಾರು ಬಂದಿದ್ದು ರೈಲಿನ ಟಿಕೆಟ್ಟಿನಲ್ಲಿ.

ಶಶಿಕಾಂತ ನಮಗಿಬ್ಬರಿಗೆ ಕೂರುವ ಡಬ್ಬಿಯ ಸೀಟು ತೆಗೆದಿದ್ದ. ನಮ್ಮ ಸಾಮಾನಿನ ಉದ್ದ ಎಂಬ ಕಡೆ ಮೂರು ಅಡಿ ಎಂದು ಬರೆದಿದ್ದ.

"ನಾನು ಹೇಳಿದ್ದು ಮೂರು ಮೊಳ," ಎಂದೆ.

"ಮೊಳ ಅಂದ್ರೆ ಅಡಿ ತಾನೇ? ಹಳೇ ಕಾಲದ ಅಳತೆ."

ನಾನು ಎದ್ದು ಅವನ ಮೇಜಿನ ಮೇಲೆ ಮೊಣಕೈ ಊರಿದೆ. ಬೆರಳ ತುದಿಗೆ ಒಂದು ಮೊಳ. ಮತ್ತೆ ಊರಿದೆ, ಎರಡು. ಮೂರನೆಯ ಮೊಳಕ್ಕೆ ಅವನ ಮೇಜು ಮುಗಿದು ನನ್ನ ಬೆರಳು ಅವನ ಹೊಟ್ಟೆಗೆ ತಾಗಿತು.

"ಇಷ್ಟು. ನಾಲ್ಕೂವರೆ ಅಡಿ. ಮದುವೇಲಿ ನಿನ್ನ ಹೆಂಡ್ತಿ ದೀಪಿಕಾ ಉಟ್ಟ ಸೀರೆ ಅಳತೆ ಮಾಡಿದ್ದೂ ಇದೇ ಮೊಳದಾಗೆ. ಆವತ್ತು ಗಿಡ್ಡ ಆಗಿತ್ತೇನು?"

ಅವನು ಹೊಟ್ಟೆ ಒಳಗೆಳೆದುಕೊಂಡ. "ನಾಲ್ಕೂವರೆ ಅಡಿದು ಆ ಡಬ್ಬೀಲಿ ಇಡಾಕೆ ಜಾಗ ಇಲ್ಲ ಅಕ್ಕಾ. ಒಂದ್ ಕೆಲಸ ಮಾಡ್ರಿ. ನೇಯ್ದಿರೋ ಸೀರೆ ಒಂದು ತಗಂಡು ಬರ್ರಿ. ಅದನ್ನ ನೇತು ಹಾಕಾನ. ನೀವಿಬ್ರೂ ಪಕ್ಕದಾಗೆ ಕುಂತು ನಗ್ತಾ ಇರ್ರಿ. ಫೋಟೊ ಚೆನ್ನಾಗಿ ಬರ್ತೈತೆ."

ನನಗೆ ಮೈ ಉರಿಯಿತು. ನಾನೇನು ಬೊಂಬೆಯೇ? ಆ ಮೇಳದಲ್ಲಿ ನೇಯದೆ ಕೂತರೆ ನಾಳೆ ಯಾರಾದರೂ ಇದು ಮಿಷನ್ ಸೀರೆ ಎಂದರೂ ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ. ಹಾಸು ಹೋಗದಿದ್ದರೆ ನಾನೂ ಹೋಗುವುದಿಲ್ಲ ಎಂದು ಆ ಕ್ಷಣದಲ್ಲೇ ತೀರ್ಮಾನ ಮಾಡಿದೆ.

"ಆ ಟಿಕೆಟ್ ಕೊಡಿಲ್ಲಿ," ಎಂದು ಮೂರೂ ಕಾಗದ ಕಿತ್ತುಕೊಂಡೆ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ತರಗತಿ. ಆದರೆ ನೂಲು ತರಲು ಧರ್ಮಾವರಕ್ಕೆ, ಕಂಚಿಗೆ ಹೋಗುವ ಬಸ್ಸು, ರೈಲುಗಳ ಟಿಕೆಟನ್ನೆಲ್ಲ ಫೋನಿನಲ್ಲಿ ನಾನೇ ಮಾಡುತ್ತೇನೆ. ಟಿಕೆಟ್ ಓದಲು ಬರುತ್ತದೆ. ಎರಡು ಕಾಗದದ ಮೇಲೆ ಒಂದೇ ಡಬ್ಬಿಯ ನಂಬರು. ಮೂರನೆಯದರ ಮೇಲೆ ಬೇರೆ ಡಬ್ಬಿ, ಪಕ್ಕದಲ್ಲಿ ಹಾಸಿಗೆಯ ಚಿತ್ರ.

"ಇದೇನಪ್ಪಾ ಶಶಿಕಾಂತ? ನಾವು ಕುಂತ್ಕಂಡು, ನೀನು ಮಲಿಕ್ಕಂಡು?"

"ಗೈಡ್ ಆದೋನಿಗೆ ನಿದ್ದೆ ಆಗ್ಬೇಕಲ್ಲಕ್ಕಾ," ಎಂದು ಅವನು ಗೋಡೆಯ ಕ್ಯಾಲೆಂಡರ್ ನೋಡಿದ.

"ಮಲಗೋ ಮನುಷ್ಯ ನಾಲ್ಕು ಮೊಳ ಇರ್ತಾನೆ," ಎಂದಳು ಯರ್ರಮ್ಮ. ಅವಳು ಮಾತಾಡುವುದೇ ಕಡಿಮೆ. "ದಿಂಡು ಮೂರೇ ಮೊಳ. ಹಂಗಾದ್ರೆ ಹಾಸಿಗೆ ಮ್ಯಾಲೆ ಹಿಡಿತೈತೆ ಕದಾ?"

ನಾನು ಅವಳ ಮುಖ ನೋಡಿದೆ. ಇಷ್ಟು ಹೊತ್ತು ಕೂಗಾಡಿದ ನನಗೆ ಇದು ಹೊಳೆದಿರಲಿಲ್ಲ.

ಫೋನ್ ತೆಗೆದು ರೈಲಿನವರ ಪುಟ ತೆರೆದೆ. ಟಿಕೆಟ್ ನಂಬರು ಹಾಕಿ ನನ್ನ ಹೆಸರು ಬರೆದೆ. ಬಂದಿದ್ದೆಲ್ಲ ಜರ್ಮನ್ ಭಾಷೆ. ಕನ್ನಡ ಮಾಡು ಎಂದು ಫೋನಿಗೆ ಹೇಳಿದೆ. 'ಗೌರವಾನ್ವಿತ ತಿಪ್ಪೇರುದ್ರಮ್ಮ, ನಿಮ್ಮ ಕುಳಿತುಕೊಳ್ಳುವ ಬಂಡಿ' ಎಂದು ಬಂತು. ಅದರ ಕೆಳಗೆ 'ದರ್ಜೆ ಏರಿಸಿ' ಎಂದು ಹಸಿರು ಗುಂಡಿ.

"ಅದು ಅಗ್ಗದ ಟಿಕೆಟ್ಟು," ಎಂದ ಶಶಿಕಾಂತ. "ವಾಪಸ್ ಮಾಡಂಗಿಲ್ಲ, ಬದಲಾಯಿಸಂಗಿಲ್ಲ. ಸುಮ್ನೆ ಯಾಕೆ ಕಷ್ಟಪಡ್ತೀರಾ?"

"ವಾಪಸ್ ಯಾರು ಮಾಡ್ತಾರೆ? ಮ್ಯಾಲೆ ಕಟ್ತೀನಿ."

ಸಣ್ಣ ಅಕ್ಷರವನ್ನೆಲ್ಲ ಒಂದೊಂದಾಗಿ ಓದಿದೆ. ಬದಲಾವಣೆ ಇಲ್ಲ, ನಿಜ. ಆದರೆ ಹೊರಡುವ ಹಿಂದಿನ ದಿನದವರೆಗೆ ವ್ಯತ್ಯಾಸ ಕಟ್ಟಿ ಮೇಲಿನ ದರ್ಜೆಗೆ ಹೋಗಬಹುದು. ಗುಂಡಿ ಒತ್ತಿದೆ. ಎರಡು ಹಾಸಿಗೆಯ, ಬಾಗಿಲು ಹಾಕಿಕೊಳ್ಳುವ ಕೋಣೆ ಒಂದೇ ಒಂದು ಉಳಿದಿತ್ತು. ಹಾಸಿಗೆಯ ಉದ್ದವನ್ನೂ ಬರೆದಿದ್ದರು. ಮೊಳಕ್ಕೆ ಇಳಿಸಿದೆ. ನಾಲ್ಕಕ್ಕೂ ಸ್ವಲ್ಪ ಮೇಲೆ.

"ದುಡ್ಡು?" ಎಂದಳು ಯರ್ರಮ್ಮ.

ಮೇಳದವರು ಊಟಕ್ಕೆಂದು ತುಂಬಿಸಿಕೊಟ್ಟ ಕಾರ್ಡು ನನ್ನ ಚೀಲದಲ್ಲಿತ್ತು. "ಎಂಟು ದಿನಕ್ಕೆ ಸಜ್ಜೆ ರೊಟ್ಟಿ ಒಣಗಿಸ್ಕಂಡು ಹೋಗಾನ. ಶೇಂಗಾ ಚಟ್ನಿಪುಡಿ ಸೇರುಗಟ್ಲೆ ಕುಟ್ಟು."

"ಯುರೋಪಿಗೆ ಹೋಗಿ ಒಣರೊಟ್ಟಿ ತಿಂತೀರಾ? ನಾಚಿಕೆ ಆಗಲ್ವಾ?" ಎಂದ ಅವನು.

"ನಮ್ ಹೊಟ್ಟೆ, ನಮ್ ರೊಟ್ಟಿ. ನೀನು ಮಲಿಕ್ಕಳಪ್ಪ."

ಕಾರ್ಡಿನ ನಂಬರು ಹಾಕಿದೆ. ಪುಟ ಬೆಳ್ಳಗಾಯಿತು. ಒಂದು ಚಕ್ರ ತಿರುಗತೊಡಗಿತು. ಯರ್ರಮ್ಮ ಕಣ್ಣು ಮುಚ್ಚಿ ಜಟಿಂಗ ರಾಮೇಶ್ವರನನ್ನು ಕರೆದಳು. ಶಶಿಕಾಂತ ಕುರ್ಚಿಗೆ ಒರಗಿ, "ಹೋತು ಬಿಡ್ರಿ, ಕಾರ್ಡಿನ ದುಡ್ಡೂ ಹೋತು," ಎಂದು ನಕ್ಕ. ಅವನ ನಗು ಮುಗಿಯುವ ಮುಂಚೆ ಫೋನು ಟಣ್ ಎಂದಿತು. ಹೊಸ ಟಿಕೆಟ್ ಬಂದಿತ್ತು. ಇಬ್ಬರ ಹೆಸರು, ಒಂದು ಕೋಣೆ, ಎರಡು ಹಾಸಿಗೆ.

"ವಚ್ಚಿಂದಿ!" ಬಂತು ಎಂದು ತನ್ನ ತೆಲುಗಿನಲ್ಲಿ ಕೂಗಿ ಯರ್ರಮ್ಮ ಕೂತಲ್ಲಿಂದ ಎದ್ದೇ ಬಿಟ್ಟಳು. ನಾನು ಫೋನನ್ನು ಶಶಿಕಾಂತನ ಮೂಗಿನ ಹತ್ತಿರ ಹಿಡಿದೆ. ಅವನು ಕನ್ನಡಕ ಏರಿಸಿ ಎರಡು ಸಲ ಓದಿದ.

ಮುಂದೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಳಗಿನ ಹಾಸಿಗೆಯಲ್ಲಿ ಗೋಡೆಯ ಕಡೆಗೆ ದಿಂಡು, ಅದರ ಪಕ್ಕ ನಾನು, ಮೇಲಿನ ಹಾಸಿಗೆಯಲ್ಲಿ ಯರ್ರಮ್ಮ. ಬೆಳಿಗ್ಗೆ ರೈಲಿನವನು ಕಾಫಿ, ಬನ್ನು ಹಿಡಿದು ಬಂದ. ಕೋಣೆಯ ದರದಲ್ಲೇ ತಿಂಡಿಯೂ ಸೇರಿತ್ತಂತೆ. ಜ್ಯೂರಿಕ್‌ನಲ್ಲಿ ಪೆಟ್ಟಿಗೆ ಬಿಚ್ಚಿದಾಗ ಒಂದು ಎಳೆಯೂ ಕದಲಿರಲಿಲ್ಲ. ಎಂಟು ದಿನದಲ್ಲಿ ನೇಯ್ದ ಸೆರಗನ್ನು ನೋಡಲು ಜನ ಸಾಲು ನಿಂತರು. ಇಬ್ಬರು ಹೆಂಗಸರ ಕೈಯಲ್ಲಿ ಮೂರು ಲಾಳಿ ಓಡುವುದನ್ನು ಬಗ್ಗಿ ಬಗ್ಗಿ ನೋಡಿದರು. ಇದು ಮಿಷನ್ನಾ ಎಂದು ಒಬ್ಬರೂ ಕೇಳಲಿಲ್ಲ.

ಆವತ್ತು ಆಫೀಸಿನಲ್ಲಿ ಮಾತ್ರ ಶಶಿಕಾಂತನ ಮುಖ ಕೆಂಪಗಾಗಿತ್ತು. "ಎಲ್ಲಾ ನೀವೇ ಮಾಡಂಗಿದ್ರೆ ನಾನ್ಯಾಕೆ? ನಾನು ಬರಲ್ಲ. ನಾನಿಲ್ದೆ ವಿಯೆನ್ನಾದಾಗೆ ಏನ್ ಮಾಡ್ತೀರಾ ನೋಡ್ತೀನಿ!"

"ವಿಯೆನ್ನಾದಾಗೆ ಹತ್ತೋದು, ಜ್ಯೂರಿಕ್‌ನಾಗೆ ಇಳಿಯೋದು. ನಡುವೆ ಮಲಗೋದು. ಇದರಾಗೆ ನಿನ್ನ ಕೆಲಸ ಯಾವುದು ಹೇಳಪ್ಪ. ನಮ್ಮ ಪಾಸ್‌ಪೋರ್ಟ್ ಇಟ್ಟು ಹೋಗು."

ನಾವು ಕೈ ಮುಗಿದು ಕರೆಯುತ್ತೇವೆ ಎಂದುಕೊಂಡಿದ್ದ. ಡ್ರಾಯರ್ ಎಳೆದು ಎರಡು ಪಾಸ್‌ಪೋರ್ಟುಗಳನ್ನು ಮೇಜಿನ ಮೇಲೆ ಎಸೆದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಮ್ಮೆ ತಿರುಗಿ ನೋಡಿದ. ನಾನು ಪಾಸ್‌ಪೋರ್ಟುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಅವನು ಧಡಧಡ ಮೆಟ್ಟಿಲಿಳಿದು ಹೋದ.

ಸ್ವಲ್ಪ ಹೊತ್ತಿಗೆ ಶಶಿಕಾಂತ ಮೊದಲೇ ಹೇಳಿದ್ದ ಮೂರು ಟೀಯನ್ನು ಕೆಳಗಿನ ಹೋಟೆಲಿನವನು ತಂದಿಟ್ಟ. ನಾವು ಎರಡು ಕುಡಿದೆವು. ಅವನ ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂತೆವು. ಮೂರನೆಯ ಟೀ ಆರಿ ಕೆನೆ ಕಟ್ಟಿತು. ಶಶಿಕಾಂತ ಬರಲಿಲ್ಲ.